ಗಸಗಸೆ ಪಾಯಸ, ಯೂರಿನ್ ಟೆಸ್ಟ್ ಮತ್ತು ಬಾರದೇ ಹೋದ ಒಂದು ಗೆರೆ

ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ, ಲ್ಯಾಬಿನವನೂ ಅಲ್ಲ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿರುವವನು. ಸಿಗರೇಟು ಸೇದುವುದಿಲ್ಲ, ಗುಟ್ಕಾ ಮುಟ್ಟಿಲ್ಲ, ದಿನಕ್ಕೆ ಐದು ಕಾಫಿ ಬಿಟ್ಟರೆ ಬೇರೆ ಚಟ ಇಲ್ಲ. ಆದರೂ ಕಳೆದ ವರ್ಷ ನನ್ನ ಹೆಸರಿನ ಕೆಳಗೆ 'ಓಪಿಯೇಟ್ಸ್: ಪಾಸಿಟಿವ್' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾದ ರಿಪೋರ್ಟ್ ಒಂದು ಹೊಸ ಕಂಪನಿಯ ಎಚ್‌ಆರ್ ಕೈಗೆ ಹೋಯಿತು. ಆಫರ್ ಲೆಟರ್ ಬಂದಿತ್ತು, ಹಳೆ ಕಂಪನಿಗೆ ರಾಜೀನಾಮೆ ಕೊಟ್ಟಾಗಿತ್ತು. ಆಮೇಲಿನ ಹನ್ನೊಂದು ದಿನ ನಾನು ಓದಿದ್ದು, ಕೇಳಿದ್ದು, ಅದೆಲ್ಲ ಮುಗಿದ ಮೇಲೆ ಮನೆಯಲ್ಲೇ ಮೂತ್ರಕ್ಕೆ ಅದ್ದಿ ನೋಡುವ ಸ್ಟ್ರಿಪ್ ತಂದು ಮಾಡಿ ನೋಡಿದ್ದು ಎಲ್ಲಾ ಸೇರಿಸಿ ಈ ರಿವ್ಯೂ. ಇದರಲ್ಲಿ ನನ್ನ ಸ್ಯಾಂಪಲ್ ತೆಗೆದುಕೊಂಡ ಲ್ಯಾಬ್ ಇದೆ, ಮನೆಗೆ ತರಿಸಿದ ಎರಡು ಬಗೆಯ ಸ್ಟ್ರಿಪ್ ಇವೆ, ಕೊನೆಗೆ ಮಾಡಿಸಿದ ಖಚಿತ ಪರೀಕ್ಷೆಯೂ ಇದೆ. ಲ್ಯಾಬಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಅಲ್ಲಿ ನಡೆದದ್ದು ಇನ್ನೆಷ್ಟೋ ಕಡೆ ನಡೆಯುತ್ತಿರಬಹುದು.

ಕಥೆ ಶುರುವಾಗುವುದು ಹಾಸನದ ಹತ್ತಿರದ ನಮ್ಮೂರಲ್ಲಿ. ಭಾನುವಾರ ಅಕ್ಕನ ಮಗನ ನಾಮಕರಣ. ನಮ್ಮ ಕಡೆ ಇಂಥ ದಿನ ಗಸಗಸೆ ಪಾಯಸ ಇಲ್ಲದಿದ್ದರೆ ಎಲೆ ಹಾಕಿದ ಹಾಗೇ ಅಲ್ಲ. ಗಸಗಸೆಯನ್ನು ಘಂ ಅನ್ನುವ ತನಕ ಹುರಿದು, ನೆನೆಸಿದ ಅಕ್ಕಿ, ತೆಂಗಿನತುರಿ, ಏಲಕ್ಕಿ ಜೊತೆ ನುಣ್ಣಗೆ ರುಬ್ಬಿ, ಬೆಲ್ಲದ ನೀರಿಗೆ ಹಾಕಿ ಕುದಿಸಿ, ಮೇಲೆ ಹಾಲು. ಅಮ್ಮ ಬಡಿಸುವಾಗಲೇ 'ಜಾಸ್ತಿ ಕುಡೀಬೇಡ ಕಣೋ, ಬಸ್ಸಲ್ಲಿ ಮಲಗಿಬಿಟ್ರೆ ಮೆಜೆಸ್ಟಿಕ್ ಬಂದದ್ದೂ ಗೊತ್ತಾಗಲ್ಲ' ಅಂದಳು. ಮಧ್ಯಾಹ್ನ ಎರಡು ಲೋಟ ಕುಡಿದೆ, ರಾತ್ರಿ ಹೊರಡುವಾಗ ಉಳಿದದ್ದು ಇನ್ನೊಂದು ಲೋಟ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಲ್ಲಿ ಇದ್ದೆ. ಕೆಲಸಕ್ಕೆ ಸೇರುವ ಮುಂಚಿನ ಹಿನ್ನೆಲೆ ತಪಾಸಣೆಯಲ್ಲಿ ಈಗ ಇದೂ ಒಂದು. ಹಳೇ ಕಂಪನಿಗಳ ಪತ್ರ, ವಿಳಾಸದ ಪರಿಶೀಲನೆ, ಆಮೇಲೆ ಐದು ಅಥವಾ ಹತ್ತು ಪ್ಯಾನಲ್ ಡ್ರಗ್ ಟೆಸ್ಟ್, ಅಂದರೆ ಅಷ್ಟು ಬಗೆಯ ಮಾದಕ ವಸ್ತುಗಳನ್ನು ಮೂತ್ರದಲ್ಲಿ ಹುಡುಕುವುದು.

ಲ್ಯಾಬಿನ ಬಗ್ಗೆ ಒಳ್ಳೆಯದು ಮೊದಲು. ಜಾಗ ಚೊಕ್ಕಟ. ಕಾಯಿಸಲಿಲ್ಲ. ಗುರುತಿನ ಚೀಟಿ ನೋಡಿದರು, ಜೇಬಲ್ಲಿದ್ದದ್ದೆಲ್ಲ ಹೊರಗೆ ಇಡಿಸಿದರು. ಟಾಯ್ಲೆಟ್ಟಿನ ನೀರಿಗೆ ನೀಲಿ ಬಣ್ಣ ಹಾಕಿದ್ದರು, ಯಾರೂ ಅದೇ ನೀರನ್ನು ಕಪ್ಪಿಗೆ ಬೆರೆಸದಿರಲಿ ಅಂತ. ಕಪ್ಪಿನ ಹೊರಗೆ ಉಷ್ಣತೆ ತೋರಿಸುವ ಪಟ್ಟಿ ಅಂಟಿಸಿತ್ತು. ಈಗ ತಾನೇ ಮಾಡಿದ ಮೂತ್ರ ಸುಮಾರು 32ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಅದನ್ನು ನಾಲ್ಕು ನಿಮಿಷದೊಳಗೆ ನೋಡಬೇಕು. ಅದನ್ನೂ ನೋಡಿದರು. ಇದೆಲ್ಲ ಕ್ರಮವಾಗಿಯೇ ಇತ್ತು, ಸುಳ್ಳು ಹೇಳಬಾರದು.

ಕೆಟ್ಟದ್ದು ಕೌಂಟರಿನಲ್ಲಿ ಆಯಿತು. ಫಾರಂನಲ್ಲಿ 'ಈಚೆಗೆ ತೆಗೆದುಕೊಂಡ ಔಷಧಿ, ಆಹಾರ' ಎಂದು ಒಂದು ಕಾಲಂ ಇತ್ತು. ಹುಡುಗ ನನ್ನ ಮುಖವನ್ನೂ ನೋಡದೆ ಅಲ್ಲಿ 'ಇಲ್ಲ' ಎಂದು ಟಿಕ್ ಹಾಕಿ, ಪೆನ್ನನ್ನು ನನ್ನ ಕಡೆ ತಿರುಗಿಸಿ 'ಸರ್, ಇಲ್ಲಿ ಸೈನ್' ಅಂದ. ನಾನೂ ಹಾಕಿದೆ. ನನ್ನ ಹಿಂದೆ ನಿಂತಿದ್ದ ಇಬ್ಬರಿಗೂ ಹಾಗೇ ಮಾಡಿದ. ಆ ಒಂದು ಟಿಕ್‌ಗೆ ನಾನು ಹನ್ನೊಂದು ದಿನ ನಿದ್ದೆ ಕಳೆದುಕೊಂಡೆ, ಪಾಯಸ ಕುಡಿದೂ ನಿದ್ದೆ ಇಲ್ಲ ಅಂದರೆ ನೋಡಿ.

ಬುಧವಾರ ಎಚ್‌ಆರ್ ಫೋನ್. ಹೆಣ್ಣುಮಗಳು ಬಹಳ ಮರ್ಯಾದೆಯಿಂದಲೇ ಮಾತಾಡಿದರು. 'ನಿಮ್ಮ ರಿಪೋರ್ಟಲ್ಲಿ ಓಪಿಯೇಟ್ಸ್ ಬಂದಿದೆ, ಏನಾದರೂ ಹೇಳುವುದಿದೆಯಾ' ಎಂದು ಕೇಳಿದರು. ನನಗೆ ಓಪಿಯೇಟ್ ಅಂದರೆ ಏನು ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಗಾಂಜಾ ಏನೋ ಅಂದುಕೊಂಡೆ. ಅಲ್ಲ, ಅಫೀಮು. ಗಸಗಸೆ ಗಿಡದ ಹಸಿ ಕಾಯಿಗೆ ಗೀರು ಹಾಕಿದರೆ ಬಿಳಿ ಹಾಲು ಒಸರುತ್ತದೆ, ಅದು ಒಣಗಿದರೆ ಅಫೀಮು. ಅದರೊಳಗೆ ನೋವು ಇಳಿಸುವ, ಅಮಲೂ ಬರಿಸುವ ಮಾರ್ಫಿನ್ ಇದೆ, ಕೋಡೀನ್ ಇದೆ. ನಾವು ಪಾಯಸಕ್ಕೆ ಹಾಕುವ ಗಸಗಸೆ ಅದೇ ಕಾಯಿಯ ಬೀಜ. ನಮ್ಮ ದೇಶದಲ್ಲಿ ಇದನ್ನು ಸರ್ಕಾರದ ಲೈಸೆನ್ಸ್ ತೆಗೆದುಕೊಂಡು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಬೆಳೆಯುತ್ತಾರೆ. ಅಫೀಮನ್ನು ಸರ್ಕಾರವೇ ಕೊಂಡು ನೀಮಚ್ ಮತ್ತು ಘಾಜಿಪುರದ ಕಾರ್ಖಾನೆಗೆ ಕಳಿಸುತ್ತದೆ. ಬೀಜ ಮಾತ್ರ ಕಿರಾಣಿ ಅಂಗಡಿಗೆ ಬರುತ್ತದೆ, ಅದಕ್ಕೆ ಕಾನೂನಿನ ತೊಡಕಿಲ್ಲ. ಬೀಜದ ಒಳಗೆ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕೊಯ್ಲಿನಲ್ಲಿ ಕಾಯಿಯ ಹಾಲು, ಹೊಟ್ಟು ಬೀಜದ ಮೈಗೆ ಅಂಟಿಕೊಳ್ಳುತ್ತದೆ. ಎಷ್ಟು ಅಂಟಿರುತ್ತದೆ ಅನ್ನುವುದು ಒಂದು ಚೀಲಕ್ಕೂ ಇನ್ನೊಂದು ಚೀಲಕ್ಕೂ ಅಜಗಜಾಂತರ.

ಅಲ್ಲಿಗೆ ನನ್ನ ಮೂತ್ರದಲ್ಲಿ ಮಾರ್ಫಿನ್ ನಿಜವಾಗಿಯೂ ಇತ್ತು. ಇದು ಮುಖ್ಯ. ಮಷೀನು ಸುಳ್ಳು ಹೇಳಿರಲಿಲ್ಲ. 'ಇವನು ಅಮಲು ತೆಗೆದುಕೊಂಡಿದ್ದಾನಾ' ಅಂತ ಅದನ್ನು ಯಾರೂ ಕೇಳಿಯೇ ಇರಲಿಲ್ಲ. ಕೇಳಿದ್ದು 'ಮಾರ್ಫಿನ್ ಥರದ್ದು ಈ ಗೆರೆಗಿಂತ ಮೇಲಿದೆಯಾ' ಅಂತ. ಹೌದು ಅಂದಿತು. ಆ ಹೌದನ್ನು ಮನುಷ್ಯರು ಬೇರೆ ಪ್ರಶ್ನೆಗೆ ಉತ್ತರ ಮಾಡಿಕೊಂಡರು. ನನ್ನ ಕೆಲಸದಲ್ಲಿ ಇದನ್ನು ದಿನಾ ನೋಡುತ್ತೇನೆ. ಟೆಸ್ಟ್ ಕೆಂಪಾಯಿತು ಅಂದ ಕೂಡಲೇ ಕೋಡ್ ಬರೆದವನನ್ನು ಬೈಯುವ ಮ್ಯಾನೇಜರ್ ಇರುತ್ತಾರಲ್ಲ, ಹಾಗೆ. ಮೊದಲು ಆ ಟೆಸ್ಟ್ ಏನನ್ನು ನೋಡುತ್ತಿದೆ ಅಂತ ತೆರೆದು ನೋಡಬೇಕು, ಅಲ್ವಾ?

ಆ ಗೆರೆಗೆ ಕಟ್-ಆಫ್ ಅನ್ನುತ್ತಾರೆ. ನನ್ನ ರಿಪೋರ್ಟಿನ ಮೂಲೆಯಲ್ಲಿ ಸಣ್ಣದಾಗಿ 300 ನ್ಯಾನೋಗ್ರಾಂ ಎಂದಿತ್ತು, ಅಂದರೆ ಒಂದು ಮಿಲಿಲೀಟರ್ ಮೂತ್ರದಲ್ಲಿ. ಒಂದು ನ್ಯಾನೋಗ್ರಾಂ ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಅಮೆರಿಕದಲ್ಲಿ ಸರ್ಕಾರಿ ನೌಕರರ ಪರೀಕ್ಷೆಗೂ ಮೊದಲು ಇದೇ 300 ಇತ್ತು. ಅಲ್ಲಿ ಬನ್ನಿನ ಮೇಲೆ, ಕೇಕಿನ ಒಳಗೆ ಗಸಗಸೆ ಹಾಕಿ ತಿನ್ನುತ್ತಾರೆ. ಬನ್ ತಿಂದವರು, ಡಾಕ್ಟರ್ ಬರೆದ ಕೋಡೀನ್ ಕುಡಿದವರು ಎಲ್ಲರೂ ಸಿಕ್ಕಿಬೀಳತೊಡಗಿ, 1998ರ ಡಿಸೆಂಬರಿನಿಂದ ಅದನ್ನು 2000ಕ್ಕೆ ಏರಿಸಿದರು. ಹತ್ತಿರ ಹತ್ತಿರ ಏಳು ಪಟ್ಟು. ಆದರೂ ಪೂರ್ತಿ ಮುಗಿದಿಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆ ಹಾಕಿದ ತಿಂಡಿ ತಿನ್ನಬೇಡಿ ಎಂದು ಸೂಚನೆ ಕೊಟ್ಟಿತು, ಕೆಲವು ಬಗೆಯ ಬೀಜದಲ್ಲಿ ಕೋಡೀನ್ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರಬಹುದು ಅಂತ. ಇನ್ನು ನಮ್ಮಲ್ಲಿ 300ರ ಕಿಟ್‌ಗಳು ಧಾರಾಳವಾಗಿ ಸಿಗುತ್ತವೆ, ಲ್ಯಾಬುಗಳೂ ಬಳಸುತ್ತವೆ. ಪಾಯಸದ ನಾಡಿನಲ್ಲಿ 300 ಇಟ್ಟುಕೊಂಡು, ಏನು ತಿಂದಿರಿ ಅಂತ ಕೇಳದೆ ಇದ್ದರೆ ಹೇಗೆ ಸ್ವಾಮಿ?

ನಾನು ಲ್ಯಾಬಿಗೆ ಫೋನ್ ಮಾಡಿ, ಅದೇ ಸ್ಯಾಂಪಲ್ ಮೇಲೆ ಖಚಿತ ಪರೀಕ್ಷೆ ಮಾಡಿ ಎಂದು ಕೇಳಿದೆ. 'ಸ್ಯಾಂಪಲ್ ಡಿಸ್ಕಾರ್ಡ್ ಆಗಿದೆ ಸರ್, ಬೇಕಿದ್ದರೆ ಬಂದು ಹೊಸದಾಗಿ ಕೊಡಿ' ಅಂದರು. ಶುಕ್ರವಾರ ಹೋಗಿ ಕೊಟ್ಟೆ, ನೆಗೆಟಿವ್ ಬಂತು. ಕುಣಿದಾಡಿಕೊಂಡು ಎಚ್‌ಆರ್‌ಗೆ ಕಳಿಸಿದರೆ ಅವರು, 'ನಾಲ್ಕೈದು ದಿನ ಬಿಟ್ಟು ಕೊಟ್ಟರೆ ಯಾರದ್ದಾದರೂ ನೆಗೆಟಿವ್ ಬರುತ್ತದಂತೆ, ನಮ್ಮ ಡಾಕ್ಟರ್ ಒಪ್ಪುವುದಿಲ್ಲ' ಅಂದರು. ಆ ಹೊತ್ತಿಗೆ ಮೈಯೆಲ್ಲ ಉರಿಯಿತು. ಈಗ ಯೋಚಿಸಿದರೆ ಅವರ ಮಾತೇ ಸರಿ. ಮಾರ್ಫಿನ್ ಮೂತ್ರದಲ್ಲಿ ಕಾಣಿಸುವುದು ಸಾಮಾನ್ಯವಾಗಿ ಎರಡು ಮೂರು ದಿನ. ಸೋಮವಾರದ ಪ್ರಶ್ನೆಗೆ ಶುಕ್ರವಾರದ ಮೂತ್ರ ಉತ್ತರ ಕೊಡುವುದಿಲ್ಲ.

ಸರಿಯಾದ ಕ್ರಮದಲ್ಲಿ ಒಂದೇ ಸಲ ಕೊಟ್ಟದ್ದನ್ನು ಎರಡು ಬಾಟಲಿಗೆ ಹಂಚಿ, ಕಣ್ಣೆದುರೇ ಸೀಲ್ ಮಾಡಿ, ನಮ್ಮ ಸಹಿ ಹಾಕಿಸಿ ಇಡುತ್ತಾರೆ. ಒಂದರಲ್ಲಿ ತಕರಾರು ಬಂದರೆ ಇನ್ನೊಂದು ಇರುತ್ತದೆ. ನನ್ನ ವಿಷಯದಲ್ಲಿ ಎರಡನೇ ಬಾಟಲಿ ಇರಲೇ ಇಲ್ಲ. ಅದೃಷ್ಟ ನೋಡಿ, ನಾನು ಹೋದದ್ದು ಬರೀ ಸಂಗ್ರಹ ಕೇಂದ್ರ. ಪರೀಕ್ಷೆ ಆದದ್ದು ಅವರ ದೊಡ್ಡ ಲ್ಯಾಬಲ್ಲಿ. ಅಲ್ಲಿ ಪಾಸಿಟಿವ್ ಬಂದ ಸ್ಯಾಂಪಲ್‌ಗಳನ್ನು ಫ್ರೀಜರಲ್ಲಿ ಇಟ್ಟಿರುತ್ತಾರಂತೆ. ಡಿಸ್ಕಾರ್ಡ್ ಆಗಿದೆ ಎಂದು ಹೇಳಿದ್ದ ಹುಡುಗಿಗೆ ಅದು ಗೊತ್ತೇ ಇರಲಿಲ್ಲ! ಅಲ್ಲಿಯ ಮೇಲಿನ ಡಾಕ್ಟರಿಗೆ ಮೇಲ್ ಬರೆದ ಮೇಲೆ ಒಂದೇ ದಿನದಲ್ಲಿ ಉತ್ತರ ಬಂತು. ಆ ಡಾಕ್ಟರ್ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆಯೇ, 'ಗಸಗಸೆ ಏನಾದರೂ ತಿಂದಿದ್ರಾ?' ಆ ಕ್ಷಣ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಸಂಗ್ರಹ ಕೇಂದ್ರಕ್ಕೆ ಐದರಲ್ಲಿ ಒಂದೂವರೆ ಸ್ಟಾರ್. ಒಂದು ಚೊಕ್ಕಟತನಕ್ಕೆ, ಅರ್ಧ ಆ ನೀಲಿ ನೀರಿಗೆ.

ಖಚಿತ ಪರೀಕ್ಷೆ ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ಮಾಡುವುದು. ರಿಪೋರ್ಟಿನಲ್ಲಿ ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್ ಎಂದು ಇರುತ್ತದೆ. ಮೊದಲ ಹಂತದ ಸ್ಕ್ರೀನಿಂಗ್ ದೂರದಿಂದ ನೋಡಿ 'ನಿಮ್ಮ ಮನೆಯವರ ಥರ ಕಾಣುತ್ತಾರೆ' ಅಂದ ಹಾಗೆ. ಇದು ಆಧಾರ್ ಕಾರ್ಡ್ ಕೇಳಿದ ಹಾಗೆ. ಯಾವ ಪದಾರ್ಥ, ಎಷ್ಟು ಇದೆ ಎಂದು ಬೇರೆ ಬೇರೆಯಾಗಿ ಅಂಕಿ ಕೊಡುತ್ತದೆ. ನನ್ನದರಲ್ಲಿ ಮಾರ್ಫಿನ್ 410, ಕೋಡೀನ್ 38, ಆಮೇಲೆ 6-ಎಂಎಎಂ ಎಂಬುದು ಕಂಡುಬಂದಿಲ್ಲ. ಈ ಮೂರನೆಯದು ಹೆರಾಯಿನ್ನಿನ ಗುರುತು. ಹೆರಾಯಿನ್ ಮೈಯೊಳಗೆ ಹೋದರೆ ಮೊದಲು 6-ಎಂಎಎಂ ಆಗಿ, ಆಮೇಲೆ ಮಾರ್ಫಿನ್ ಆಗುತ್ತದೆ. ಗಸಗಸೆಯಿಂದ, ಕೆಮ್ಮಿನ ಸಿರಪ್‌ನಿಂದ ಅದು ಬರುವುದಿಲ್ಲ. ಹಾಗಂತ ಅದು ಇಲ್ಲ ಅಂದರೆ ಹೆರಾಯಿನ್ ಇಲ್ಲ ಎಂದು ಸಾಬೀತಾದ ಹಾಗಲ್ಲ, ಯಾಕೆಂದರೆ ಸಾಮಾನ್ಯವಾಗಿ ಒಂದು ದಿನದೊಳಗೇ ಅದು ಮಾಯವಾಗುತ್ತದೆ. ಮಾರ್ಫಿನ್ ಸಾವಿರಗಟ್ಟಲೆ ಇದ್ದಿದ್ದರೆ ನನ್ನ ಪಾಯಸದ ಕಥೆಯನ್ನು ಅಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ ಎಂದು ಆ ಡಾಕ್ಟರೇ ಹೇಳಿದರು. 410 ಅಂಕಿ, ಇಲ್ಲದ 6-ಎಂಎಎಂ, ಜೊತೆಗೆ ನಾಮಕರಣದ ಫೋಟೋದಲ್ಲಿ ನನ್ನ ಕೈಯಲ್ಲಿದ್ದ ಲೋಟ, ಮೂರನ್ನೂ ಸೇರಿಸಿ ಅವರು ಕಂಪನಿಗೆ ಟಿಪ್ಪಣಿ ಬರೆದರು. ಕೆಲಸ ಉಳಿಯಿತು. ಇದಕ್ಕೆ 3,800 ರೂಪಾಯಿ ನನ್ನ ಕೈಯಿಂದಲೇ ಹೋಯಿತು, ಅದು ಹೊಟ್ಟೆ ಉರಿ. ಆದರೂ ನಾಲ್ಕೂವರೆ ಸ್ಟಾರ್.

ಇಷ್ಟಾದ ಮೇಲೆ ಸುಮ್ನೆ ಇರಬಹುದಿತ್ತು. ಟೆಸ್ಟರ್ ಬುದ್ಧಿ ಬಿಡಬೇಕಲ್ಲ. ಬಗ್ ಮತ್ತೆ ಬರುತ್ತಾ ಅಂತ ನೋಡಲೇಬೇಕು. ಆನ್‌ಲೈನಲ್ಲಿ ಎರಡು ಥರದ ಸ್ಟ್ರಿಪ್ ತರಿಸಿದೆ. ಒಂದರ ಮೇಲೆ 'ಎಂಓಪಿ 300', ಇನ್ನೊಂದರ ಮೇಲೆ 'ಓಪಿಐ 2000'. ಹತ್ತು ಹತ್ತರ ಪೊಟ್ಟಣ. ನೋಡುವುದಕ್ಕೆ ಎರಡೂ ಒಂದೇ ಥರ, ಬಣ್ಣ ಒಂದೇ, ಉದ್ದ ಒಂದೇ. ವ್ಯತ್ಯಾಸ ಆ ಅಂಕಿಯಲ್ಲಿ ಮಾತ್ರ. ಕೊಳ್ಳುವವರು ನೋಡುವುದು ಬೆಲೆ, ಸ್ಟಾರ್, ಎಷ್ಟು ದಿನಕ್ಕೆ ಬರುತ್ತದೆ ಅನ್ನುವುದು. ಅಂಕಿ ಯಾರು ನೋಡುತ್ತಾರೆ?

ಮೊದಲ ಸ್ಟ್ರಿಪ್ ಅನ್ನು ಏನೂ ತಿನ್ನದೆ ಮಾಡಿದೆ. ಪೊಟ್ಟಣ ಹರಿದು, ಬಾಣದ ಗುರುತಿನ ಗೆರೆ ದಾಟದ ಹಾಗೆ ಹತ್ತು ಹದಿನೈದು ಸೆಕೆಂಡ್ ಅದ್ದಿ, ಬಚ್ಚಲುಮನೆಯ ಕಟ್ಟೆ ಮೇಲೆ ಮಲಗಿಸಿದೆ. ಗುಲಾಬಿ ಬಣ್ಣ ನಿಧಾನಕ್ಕೆ ಮೇಲೆ ಹತ್ತುತ್ತಾ ಹೋಯಿತು. ಎರಡು ನಿಮಿಷಕ್ಕೆ 'ಸಿ' ಎದುರು ಒಂದು ಗೆರೆ, ಆಮೇಲೆ 'ಟಿ' ಎದುರು ಇನ್ನೊಂದು. ಎದೆ ಧಸಕ್ಕೆಂದಿತು. ಪಾಯಸ ಮುಟ್ಟಿ ವಾರಗಳಾಗಿವೆ, ಇನ್ನೂ ಪಾಸಿಟಿವ್ವಾ! ನನ್ನ ಹೆಂಡತಿ ಹಲ್ಲುಜ್ಜುತ್ತಾ ಬಂದು ಕಟ್ಟೆ ಮೇಲೆ ನೋಡಿ, 'ಏನ್ರೀ, ಎರಡು ಗೆರೆ, ನಿಮಗೆ ಎಷ್ಟನೇ ತಿಂಗಳು?' ಅಂದಳು.

ವಿಷಯ ಇರುವುದೇ ಇಲ್ಲಿ. ಬಸುರಿನ ಕಿಟ್ಟಿಗೂ ಇದಕ್ಕೂ ಲೆಕ್ಕ ಉಲ್ಟಾ. ಇಲ್ಲಿ ಎರಡು ಗೆರೆ ಬಂದರೆ ನೆಗೆಟಿವ್. 'ಟಿ' ಗೆರೆ ಬಾರದೇ ಹೋದರೆ ಪಾಸಿಟಿವ್. ಯಾಕೆ ಹೀಗೆ ಅಂದರೆ, ಸ್ಟ್ರಿಪ್ಪಿನ ಬುಡದಲ್ಲಿ ಬಣ್ಣದ ಕಣಗಳು ಇರುತ್ತವೆ, ಅವುಗಳ ಮೈಗೆ ಮಾರ್ಫಿನ್ ಹಿಡಿಯುವ ಪ್ರತಿಕಾಯ ಕಟ್ಟಿರುತ್ತದೆ. ಮೇಲೆ 'ಟಿ' ಜಾಗದಲ್ಲಿ ಸ್ವಲ್ಪ ಮಾರ್ಫಿನ್ನನ್ನೇ ಅಂಟಿಸಿಟ್ಟಿರುತ್ತಾರೆ. ಮೂತ್ರದಲ್ಲಿ ಏನೂ ಇಲ್ಲದಿದ್ದರೆ ಕಣಗಳು ಖಾಲಿ ಕೈಯಲ್ಲಿ ಮೇಲೆ ಹೋಗಿ ಅಲ್ಲಿರುವುದನ್ನು ಹಿಡಿದು ನಿಲ್ಲುತ್ತವೆ, ಗೆರೆ ಮೂಡುತ್ತದೆ. ಮೂತ್ರದಲ್ಲೇ ಬೇಕಾದಷ್ಟು ಇದ್ದರೆ ಕೈ ತುಂಬಿದ ಕಣಗಳು 'ಟಿ' ಹತ್ತಿರ ನಿಲ್ಲದೆ ಮುಂದೆ ಹೋಗುತ್ತವೆ. ಬಸ್ಸಲ್ಲಿ ಸೀಟು ತುಂಬಿದ್ದರೆ ಡ್ರೈವರ್ ಸ್ಟಾಪಲ್ಲಿ ನಿಲ್ಲಿಸದೆ ಹೋಗುತ್ತಾನಲ್ಲ, ಹಾಗೆ. 'ಸಿ' ಗೆರೆ ಬರದಿದ್ದರೆ ಸ್ಟ್ರಿಪ್ಪೇ ಕೆಟ್ಟಿದೆ ಎಂದು ಲೆಕ್ಕ, ಬಿಸಾಕಿ ಇನ್ನೊಂದು ತೆಗೆಯಬೇಕು. 'ಟಿ' ಗೆರೆ ಎಷ್ಟು ಮಸುಕಾಗಿದ್ದರೂ ಸರಿ, ಕಣ್ಣಿಗೆ ಕಂಡರೆ ನೆಗೆಟಿವ್. ಮಸುಕು ಅಂದರೆ 'ಸ್ವಲ್ಪ ಪಾಸಿಟಿವ್' ಅಂತ ಅರ್ಥ ಮಾಡಿಕೊಳ್ಳುವ ಹಾಗಿಲ್ಲ. ಐದನೇ ನಿಮಿಷಕ್ಕೆ ಓದಬೇಕು. ಅರ್ಧ ಗಂಟೆ ಬಿಟ್ಟು ಬಂದು ಓದಿದರೆ ಅದಕ್ಕೆ ಬೆಲೆ ಇಲ್ಲ.

ಮುಂದಿನ ಭಾನುವಾರ ಪ್ರಯೋಗ. ಗಾಂಧಿಬಜಾರಿನಿಂದ ಐವತ್ತು ಗ್ರಾಂ ಗಸಗಸೆ ತಂದೆ. ಹೆಂಡತಿ ಪಾಯಸ ಮಾಡಿದಳು, ಅರ್ಧಕ್ಕಿಂತ ಜಾಸ್ತಿ ನಾನೇ ಕುಡಿದೆ. ಮಧ್ಯಾಹ್ನ ಒಂದೂವರೆಗೆ ಕುಡಿದದ್ದು. ಮೂರೂವರೆಗೆ 300ರ ಸ್ಟ್ರಿಪ್ಪಲ್ಲಿ 'ಟಿ' ಗೆರೆ ಇತ್ತು, ಆದರೆ ಬಿಳಿ ಬಟ್ಟೆಗೆ ತಾಗಿ ತೊಳೆದ ಕುಂಕುಮದಷ್ಟು ಮಸುಕು. ಸಂಜೆ ಆರೂವರೆಗೆ ಗೆರೆಯೇ ಇಲ್ಲ. ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಮೊಬೈಲ್ ಟಾರ್ಚ್ ಹಾಕಿ, ಓರೆಯಾಗಿ ತಿರುಗಿಸಿ ನೋಡಿದೆ. ಇಲ್ಲ. ರಾತ್ರಿ ಹನ್ನೊಂದಕ್ಕೂ ಇಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಮಸುಕು ಗೆರೆ, ಸಂಜೆ ಚೆನ್ನಾಗಿ ದಪ್ಪ ಗೆರೆ. ಈ ಅಷ್ಟೂ ಹೊತ್ತು ಪಕ್ಕದಲ್ಲೇ ಅದ್ದಿದ 2000ದ ಸ್ಟ್ರಿಪ್ ಒಂದು ಸಲವೂ ಅಲ್ಲಾಡಲಿಲ್ಲ, ಪ್ರತಿ ಸಲವೂ ಎರಡು ಗೆರೆ. ಎರಡು ವಾರ ಬಿಟ್ಟು ಸೂಪರ್‌ಮಾರ್ಕೆಟ್ಟಿನ ಬೇರೆ ಪ್ಯಾಕೆಟ್ ತಂದು ಅಷ್ಟೇ ಅಳತೆಯಲ್ಲಿ ಮಾಡಿದರೆ 300ರಲ್ಲೂ ಏನೂ ಆಗಲಿಲ್ಲ. ನಿದ್ದೆ ಮಾತ್ರ ಎರಡು ಸಲವೂ ಚೆನ್ನಾಗಿ ಬಂತು, ಅದಕ್ಕೆ ಗಸಗಸೆ ಕಾರಣವೋ ಭಾನುವಾರದ ಊಟ ಕಾರಣವೋ ದೇವರೇ ಬಲ್ಲ. ಒಬ್ಬನೇ ಮನುಷ್ಯ, ಎರಡೇ ಪ್ಯಾಕೆಟ್, ಇದನ್ನು ವಿಜ್ಞಾನ ಅನ್ನಬೇಡಿ. ನೀವು ತಂದ ಪ್ಯಾಕೆಟ್ಟಿನಲ್ಲಿ 2000ವೂ ದಾಟಬಹುದು.

ಮಂಗಳೂರಿನ ಒಬ್ಬ ಗೆಳೆಯ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಪ್ರತಿ ಸಲ ಹಡಗು ಹತ್ತುವ ಮುಂಚೆ ಮೆಡಿಕಲ್, ಅದರಲ್ಲಿ ಡ್ರಗ್ ಟೆಸ್ಟ್. ನನ್ನ ಕಥೆ ಕೇಳಿ ಬಿದ್ದು ಬಿದ್ದು ನಕ್ಕ. 'ನಮ್ಮಲ್ಲಿ ಹೊಸ ಹುಡುಗರಿಗೂ ಇದು ಗೊತ್ತು ಮಾರಾಯ' ಅಂದ. ಮೆಡಿಕಲ್ ತಾರೀಕು ಬಂದರೆ ಒಂದು ವಾರ ಅವನ ಮನೆಯಲ್ಲಿ ಕುರ್ಮಕ್ಕೆ ಗಸಗಸೆ ಬದಲು ಗೋಡಂಬಿ. ವಿಮಾನದವರಿಗೂ ಇದೆ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ 2022ರ ಜನವರಿ 31ರಿಂದ ಜಾರಿಯಲ್ಲಿದೆ, ಪೈಲಟ್, ಏರ್ ಟ್ರಾಫಿಕ್ ನೋಡಿಕೊಳ್ಳುವವರಲ್ಲಿ ವರ್ಷಕ್ಕೆ ಕನಿಷ್ಠ ನೂರಕ್ಕೆ ಹತ್ತು ಜನರನ್ನು ಪರೀಕ್ಷೆ ಮಾಡಬೇಕು. ಅದರಲ್ಲಿ ನನಗೆ ಇಷ್ಟವಾದ ಒಂದು ಮಾತಿದೆ. ಮೊದಲ ಹಂತದಲ್ಲಿ ಸಿಕ್ಕಿದ್ದನ್ನು ಅವರು ಪಾಸಿಟಿವ್ ಅನ್ನುವುದಿಲ್ಲ, 'ನಾನ್-ನೆಗೆಟಿವ್' ಅನ್ನುತ್ತಾರೆ, ಖಚಿತ ಪರೀಕ್ಷೆ ಆಗುವ ತನಕ. ನನ್ನ ಲ್ಯಾಬಿಗೆ ಈ ಎರಡು ಪದದ ವ್ಯತ್ಯಾಸ ಗೊತ್ತಿದ್ದರೆ ಅಮ್ಮನಿಗೆ ಬಿಪಿ ಏರುತ್ತಿರಲಿಲ್ಲ. ಅಂದ ಹಾಗೆ ದುಬೈಗೆ ಹೋಗುವವರ ಬ್ಯಾಗಿನಲ್ಲಿ ಗಸಗಸೆ ಇಡಬೇಡಿ. ಯುಎಇಯಲ್ಲಿ ಅದಕ್ಕೆ ನಿಷೇಧ ಇದೆ, ಅದು ಟೆಸ್ಟಿಗಿಂತ ದೊಡ್ಡ ಪಂಚಾಯ್ತಿ.

ಗಸಗಸೆ ಒಂದೇ ಅಲ್ಲ. ಕೋಡೀನ್ ಇರುವ ಕೆಮ್ಮಿನ ಸಿರಪ್ ಕುಡಿದರೂ ಗೆರೆ ಹೋಗುತ್ತದೆ, ಯಾಕೆಂದರೆ ಕೋಡೀನ್ ತಾನೇ ಓಪಿಯೇಟ್, ಅದರ ಒಂದು ಪಾಲನ್ನು ನಮ್ಮ ಯಕೃತ್ತು ಮಾರ್ಫಿನ್ ಮಾಡಿಬಿಡುತ್ತದೆ. ಇದೂ ನಿಜವಾದ ಪಾಸಿಟಿವ್ವೇ. ಆದರೆ ಮಾರ್ಫಿನ್ನಿಗೆ ಸಂಬಂಧವೇ ಇಲ್ಲದ ಕೆಲವು ಮಾತ್ರೆಗಳೂ ಕೆಲವು ಬಗೆಯ ಸ್ಕ್ರೀನಿಂಗನ್ನು ಮೋಸ ಮಾಡುತ್ತವೆ. ಲಿವೋಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಅಂಥವು. ನಮ್ಮಲ್ಲಿ ಭೇದಿಗೆ, ಉರಿಮೂತ್ರಕ್ಕೆ ಮೆಡಿಕಲ್ ಶಾಪಿನವನೇ ಎತ್ತಿಕೊಡುವ ಮಾತ್ರೆಗಳು ಇವು. ಟಿಬಿಗೆ ಕೊಡುವ ರಿಫಾಂಪಿಸಿನ್ ಕೂಡ ಈ ಪಟ್ಟಿಯಲ್ಲಿದೆ, ಅದು ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದಲ್ಲ, ಅದೇ. ಹಾಗಾಗಿ ಟೆಸ್ಟಿಗೆ ಹೋಗುವಾಗ ಈಚೆಗೆ ನುಂಗಿದ ಮಾತ್ರೆಗಳ ಚೀಟಿ ಜೇಬಲ್ಲಿರಲಿ. ಕೌಂಟರಿನ ಹುಡುಗ 'ಇಲ್ಲ' ಅಂತ ಟಿಕ್ ಹಾಕುವ ಮುಂಚೆ ಪೆನ್ನು ಕಿತ್ತುಕೊಂಡು ನೀವೇ ಬರೆಯಿರಿ. ಟೆಸ್ಟಿದೆ ಅಂತ ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಈಗ ಇನ್ನೊಂದು ಕಡೆಯ ಕಥೆ. ಇದು ನನಗೆ ಪಾಯಸದ ಕಥೆಗಿಂತ ಜಾಸ್ತಿ ಚಿಂತೆ ಹಚ್ಚಿದ್ದು. ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಅಂಕಲ್‌ಗೆ ನಾನು ಸ್ಟ್ರಿಪ್ ತರಿಸಿದ್ದು ಹೇಗೋ ಗೊತ್ತಾಗಿ, ಒಂದು ರಾತ್ರಿ ಬಾಗಿಲು ತಟ್ಟಿದರು. ಮಗ ಕಾಲೇಜು, ಈಚೆಗೆ ರೂಮಿಂದ ಹೊರಗೆ ಬರುವುದಿಲ್ಲ, ಬಚ್ಚಲಲ್ಲಿ ಖಾಲಿ ಮಾತ್ರೆ ಹಾಳೆ ಸಿಕ್ಕಿದೆ. 'ಅವನಿಗೆ ಗೊತ್ತಾಗದ ಹಾಗೆ ಟೆಸ್ಟ್ ಮಾಡಬಹುದಾ, ಒಂದು ಸ್ಟ್ರಿಪ್ ಕೊಡಪ್ಪ' ಅಂದರು. ಆ ಹಾಳೆಯನ್ನು ತೋರಿಸಿ ಅಂದೆ. ಟ್ಯಾಪೆಂಟಡಾಲ್, ಜೋರು ನೋವಿಗೆ ಕೊಡುವ ಮಾತ್ರೆ.

ನನ್ನ ಹತ್ತಿರ ಇದ್ದ ಎರಡೂ ಸ್ಟ್ರಿಪ್ ಅದನ್ನು ಹಿಡಿಯುವುದಿಲ್ಲ. ಓಪಿಯೇಟ್ ಅಂದರೆ ಗಸಗಸೆ ಗಿಡದಿಂದ ನೇರವಾಗಿ ಬಂದ ಮಾರ್ಫಿನ್, ಕೋಡೀನ್, ಮಾರ್ಫಿನ್ನಿಂದ ಮಾಡಿದ ಹೆರಾಯಿನ್, ಅಷ್ಟೇ ಅಂದುಕೊಳ್ಳಿ. ಮೈಯಲ್ಲಿ ಅದೇ ಥರ ಕೆಲಸ ಮಾಡುವ ಬೇರೆ ಔಷಧಿಗಳು ದಂಡಿಯಾಗಿವೆ, ಎಲ್ಲವನ್ನೂ ಸೇರಿಸಿ ಓಪಿಯಾಯ್ಡ್ ಅನ್ನುತ್ತಾರೆ. ಟ್ರಮಡಾಲ್, ಟ್ಯಾಪೆಂಟಡಾಲ್, ಫೆಂಟನಿಲ್, ಮೆಥಡೋನ್, ಬ್ಯುಪ್ರೆನಾರ್ಫಿನ್. ಇವುಗಳ ಆಕಾರ ಬೇರೆ, ಮಾರ್ಫಿನ್ ಹಿಡಿಯಲು ಮಾಡಿದ ಪ್ರತಿಕಾಯದ ಕೈಗೆ ಸಿಗುವುದಿಲ್ಲ. ಆಕ್ಸಿಕೊಡೋನ್ ಕೂಡ ಸರಿಯಾಗಿ ಸಿಗುವುದಿಲ್ಲ. ಒಂದೊಂದಕ್ಕೂ ಬೇರೆ ಸ್ಟ್ರಿಪ್ ಬೇಕು. ಟ್ರಮಡಾಲನ್ನು 2018ರಲ್ಲೇ ಮಾದಕ ವಸ್ತು ಕಾಯ್ದೆಯೊಳಗೆ ತಂದರು, ಅಂದರೆ ತೊಂದರೆ ಎಷ್ಟಿತ್ತು ಎಂದು ಸರ್ಕಾರಕ್ಕೂ ಗೊತ್ತಿತ್ತು. ಆದರೆ ನಾನು ನೋಡಿದ ಐದು ಪ್ಯಾನಲ್ ಕಪ್‌ಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಪಾಯಸ ಕುಡಿದವನಿಗೆ ಪಾಸಿಟಿವ್, ಹಾಳೆಗಟ್ಟಲೆ ಟ್ಯಾಪೆಂಟಡಾಲ್ ನುಂಗಿದವನಿಗೆ ನೆಗೆಟಿವ್! ಆ ನೆಗೆಟಿವ್ ನೋಡಿ ಅಂಕಲ್ ನೆಮ್ಮದಿಯಾಗಿ ಮಲಗಿಬಿಡುತ್ತಿದ್ದರು.

ಸ್ಟ್ರಿಪ್ ಕೊಡಲಿಲ್ಲ. ಅವನಿಗೆ ಗೊತ್ತಿಲ್ಲದ ಹಾಗೆ ಮಾಡುವುದೂ ಬೇಡ ಅಂದೆ. ಗೊತ್ತಾದ ದಿನ ಇರುವ ಸ್ವಲ್ಪ ಮಾತೂ ನಿಂತುಹೋಗುತ್ತದೆ. ಮೊಬೈಲಲ್ಲಿ 14446 ಎಂದು ಒತ್ತಿ ಅವರ ಕೈಗೆ ಕೊಟ್ಟೆ, ಅದು ವ್ಯಸನದ ವಿಚಾರಕ್ಕೆ ಇರುವ ದೇಶದ ಉಚಿತ ಸಹಾಯವಾಣಿ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ, ಅಲ್ಲಿಗೆ ಹೋಗುವುದಕ್ಕೆ ಹುಡುಗನನ್ನು ಒಪ್ಪಿಸಲು ಅವರಿಗೆ ಮೂರು ವಾರ ಹಿಡಿಯಿತು. ಅಲ್ಲಿಯೂ ಮೂತ್ರ ಪರೀಕ್ಷೆ ಮಾಡಿದರಂತೆ, ಆದರೆ ಮೊದಲು ಕೂರಿಸಿ ಮುಕ್ಕಾಲು ಗಂಟೆ ಮಾತಾಡಿಸಿ, ಏನು ತೆಗೆದುಕೊಂಡೆ ಎಂದು ಅವನ ಬಾಯಿಂದಲೇ ಕೇಳಿ ಆಮೇಲೆ. ಮುಂದಿನದು ಅವರ ಮನೆಯ ವಿಷಯ, ಇಲ್ಲಿ ಬೇಡ.

ಹಾಗಾದರೆ ಸ್ಟ್ರಿಪ್ ಕೊಳ್ಳಬೇಕಾ? 2000ದ್ದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಹೇಳಿದ ಕೆಲಸ ಮಾಡುತ್ತದೆ, ತಲೆಕೆಡಿಸುವುದಿಲ್ಲ. 300ರದ್ದಕ್ಕೆ ಮೂರು. ಅದು ಕೆಟ್ಟದ್ದು ಅಂತ ಅಲ್ಲ, ಆಸ್ಪತ್ರೆಯಲ್ಲಿ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ನೋಡುವ ಡಾಕ್ಟರಿಗೆ ಕಡಿಮೆ ಕಟ್-ಆಫ್ ಬೇಕಾಗುತ್ತದೆ. ಕೆಲಸ ಕಿತ್ತುಕೊಳ್ಳುವುದಕ್ಕೆ, ಮಗನಿಗೆ ಹೊಡೆಯುವುದಕ್ಕೆ ಅದು ಸಾಲದು. ಗಂಡ ಹೆಂಡತಿ ಜಗಳದಲ್ಲಿ ಸಾಕ್ಷಿ ಮಾಡುವುದಕ್ಕೂ ಸಾಲದು, ಅಂಥ ಒಂದು ರಿವ್ಯೂ ಓದಿ ಗಾಬರಿಯಾಯಿತು. ಕೊಳ್ಳುವಾಗ ಅವಧಿ ನೋಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಪೊಟ್ಟಣ ಹರಿದ ಮೇಲೆ ನಾಳೆಗೆ ಇಡಬೇಡಿ.

ಒಂದು ಸ್ಟಾರ್ ಎರಡರಲ್ಲೂ ಕಡಿದದ್ದು ಒಳಗಿನ ಕಾಗದಕ್ಕೆ. ಈರುಳ್ಳಿ ಸಿಪ್ಪೆಯಂಥ ಹಾಳೆ, ಇರುವೆ ಸಾಲಿನಂಥ ಇಂಗ್ಲಿಷ್, ಗೆರೆ ಬಂದರೆ ಇಲ್ಲ ಅನ್ನುವ ಮಾತು ಎರಡನೇ ಪುಟದ ನಡುವೆ ಎಲ್ಲೋ. ಕನ್ನಡ ಬಿಡಿ, ಒಂದು ಚಿತ್ರವಾದರೂ ಸರಿಯಾಗಿ ಹಾಕಬಾರದಾ? ಉಳಿದ ಸ್ಟ್ರಿಪ್‌ಗಳು ಬೀರುವಿನ ಮೇಲಿವೆ. ಡಬ್ಬದ ಮುಚ್ಚಳದ ಮೇಲೆ ನಾನೇ ಮಾರ್ಕರ್ ಪೆನ್ನಲ್ಲಿ ಬರೆದಿಟ್ಟಿದ್ದೇನೆ: ಎರಡು ಗೆರೆ ಬಂದರೆ ಮಾರ್ಫಿನ್ ಅಷ್ಟಿಲ್ಲ, ಒಂದೇ ಬಂದರೆ ಇರಬಹುದು, ಏನು ತಿಂದೆ ಅಂತ ಕೇಳು.